ಹೂವಿನ ಕೊಕ್ಕೆ

ಬೋಟ್ ಮಾಡ್ತೀನಿ ಎಂದರೆ ಜನ ಮಂಗಳೂರಿನವರಾ ಎಂದು ಕೇಳುತ್ತಾರೆ. ನನ್ನ ಫೈಬರ್ ಶೆಡ್ ಇರುವುದು ಕುಮಾರಸ್ವಾಮಿ ಲೇಔಟಿನಲ್ಲಿ, ಪಂಕ್ಚರ್ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ. ವರ್ಷಪೂರ್ತಿ ನೀರಿನ ಟ್ಯಾಂಕು, ಅಪರೂಪಕ್ಕೆ ಯಾವುದಾದರೂ ಕೆರೆಗೆ ಬೋಟು. ನನಗೆ ಈಜು ಬರುವುದಿಲ್ಲ. ಅದನ್ನು ಗಿರಾಕಿಗಳಿಗೆ ಹೇಳುವುದಿಲ್ಲ.

ಒಂದು ವರ್ಷ ಅರೆಕೆರೆ ಕಡೆಯ ಕೆರೆಯೊಂದರಲ್ಲಿ ಕಳೆ ತೆಗೆಯಲು ಬೋಟ್ ಮಾಡಿಕೊಟ್ಟೆ. ಕಾಲಿಡುವ ಡೆಕ್ಕಿನ ಕೆಳಗೆ ಬರೀ ಗಾಳಿಯ ಜಾಗ. ಬೋಟನ್ನು ತೇಲಿಸಿಡುವುದೇ ಅದು. ಹಗ್ಗದ ಕೊಂಡಿ, ಕಂಬಿ, ಏನನ್ನು ಕೂರಿಸಿದರೂ ಅದರ ಬೋಲ್ಟಿನ ಪಕ್ಕದಿಂದ ನೀರು ಅಲ್ಲಿಗೆ ಇಳಿಯುತ್ತದೆ. ಅದಕ್ಕೇ ತೂತನ್ನು ಬೇಕೆಂದೇ ದೊಡ್ಡದಾಗಿ ಕೊರೆದು, ರೆಸಿನ್ ಅನ್ನುವ ಅಂಟುದ್ರವ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಸಣ್ಣದಾಗಿ ಮತ್ತೆ ಕೊರೆಯಬೇಕು. ನೀರು ನುಗ್ಗದಂತೆ ಸೀಲೆಂಟ್ ಹಚ್ಚಿ, ಬೋಲ್ಟನ್ನು ಅರ್ಧ ಬಿಗಿದು ಬಿಟ್ಟು, ಮಾರನೇ ದಿನ ಪೂರ್ತಿ ಬಿಗಿಯಬೇಕು. ಒಂದೇ ಸಲಕ್ಕೆ ಬಿಗಿದರೆ ಸೀಲೆಂಟೆಲ್ಲ ಆಚೆ ಬಂದುಬಿಡುತ್ತದೆ. ಈ ವಿಷಯದಲ್ಲಿ ನಾನು ಮಡಿಯಲ್ಲಿರುವವರಷ್ಟು ಕಟ್ಟುನಿಟ್ಟು.

ಬೋಟ್ ನಡೆಸುತ್ತಿದ್ದವರು ಉತ್ತರಹಳ್ಳಿಯವರು, ಐವತ್ತು ದಾಟಿದವರು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಫೋನ್ ಮಾಡಿದರು.

"ಸಾರ್, ಮುಂದ್ಗಡೆ ತಗ್ತಾ ಇದೆ. ಒಳಗೆ ನೀರು ಕುಲುಕ್ತದೆ. ನಂಗೆ ಈಜು ಬರಲ್ಲ, ನಾನು ಹತ್ತಲ್ಲ."

ನನಗೆ ಮೈಯೆಲ್ಲ ಉರಿಯಿತು. ನನ್ನ ಕೆಲಸದಲ್ಲಿ ಲೀಕೇ? ಹೋದವನೇ ಅವರ ಮೇಸ್ತ್ರಿಯ ಎದುರಿಗೇ ಕೂಗಾಡಿದೆ. "ಹಗ್ಗ ಎಳೆದೆಳೆದು ಕೊಂಡಿ ಸಡಿಲ ಮಾಡಿದೀರ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಅವರು "ಇರಬೋದು ಸಾರ್" ಎಂದು ತಲೆ ತಗ್ಗಿಸಿದರು. ಮೇಸ್ತ್ರಿ, "ಕೊಂಡಿ ಸಡಿಲ ಆಗಿರೋದು ನಿಜ ಆದ್ರೆ ನಾಳೆಯಿಂದ ಬರೋದು ಬೇಡ" ಎಂದು ಅವರಿಗೆ ಹೇಳಿಬಿಟ್ಟ. ಅಷ್ಟು ದೂರ ಹೋಗುತ್ತದೆಂದು ನಾನು ಎಣಿಸಿರಲಿಲ್ಲ.

ಬೋಟನ್ನು ದಡಕ್ಕೆಳೆದು ನೀರು ಬಸಿದೆವು. ಬ್ಲೋಯರ್‌ನಿಂದ ಒಳಗೆ ಗಾಳಿ ತುಂಬಿ, ಒಂದೊಂದು ಬೋಲ್ಟಿಗೂ ಬ್ರಶ್ಶಿನಲ್ಲಿ ಸೋಪಿನ ನೀರು ಹಚ್ಚಿದೆ. ಲೀಕಿದ್ದ ಕಡೆ ಗುಳ್ಳೆ ಏಳಬೇಕು. ಹಗ್ಗದ ಕೊಂಡಿ ಗಟ್ಟಿಯಾಗಿತ್ತು. ಕಂಬಿಗಳೂ ಸರಿಯಾಗಿದ್ದವು. ಮೂತಿಯ ಹತ್ತಿರ ಒಂದು ಪುಟ್ಟ ಕೊಕ್ಕೆಯ ಬುಡದಲ್ಲಿ ಮಾತ್ರ ಗುಳ್ಳೆ ಬುಳುಬುಳು ಎದ್ದಿತು.

ಆ ಕೊಕ್ಕೆ ಹಾಕಿದವನು ನಾನೇ. ಆಯುಧಪೂಜೆಯ ದಿನ ಹೊಸ ಬೋಟನ್ನು ಶೆಡ್ಡಿನ ಮುಂದೆ ಇಟ್ಟಿದ್ದೆವು. ಚಕ್ರವೇ ಇಲ್ಲದ್ದಕ್ಕೆ ನಿಂಬೆಹಣ್ಣು ಎಲ್ಲಿಡುವುದೆಂದು ಅರ್ಧ ಗಂಟೆ ವಾದವಾಯಿತು. ಅಷ್ಟರಲ್ಲಿ ಹೆಂಡತಿ, "ರಾಹುಕಾಲ ಬಂತು ರೀ, ಹಾರ ಎಲ್ಲಿ ಹಾಕೋದು?" ಎಂದಳು. ಕೊಕ್ಕೆಯೊಂದನ್ನು ಸರ್ರನೆ ತಿರುಗಿಸಿ ಡೆಕ್ಕಿಗೆ ಕೂರಿಸಿದೆ. ರೆಸಿನ್ ಇಲ್ಲ, ಸೀಲೆಂಟ್ ಇಲ್ಲ. ದೇವರ ಕೆಲಸ ನೋಡಿ, ಲೆಕ್ಕಕ್ಕೇ ಬರಲಿಲ್ಲ.

ಈಗ ಆ ಕೊಕ್ಕೆಯಲ್ಲಿ ಹೊಸ ಸೇವಂತಿಗೆಯೊಂದಿತ್ತು. "ದಿನಾ ಹತ್ತೋಕ್ ಮುಂಚೆ ಒಂದು ಹೂವ ಇಡ್ತೀನಿ ಸಾರ್" ಎಂದರು ಅವರು.

ನಾಚಿಕೆಯಾಯಿತು. ಮೇಸ್ತ್ರಿ ದೂರದಲ್ಲಿ ಫೋನಿನಲ್ಲಿದ್ದ. ಸುಮ್ಮನಿದ್ದಿದ್ದರೆ ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಕೂಗಿ ಕರೆದು, "ಕೊಂಡಿ ಸರಿಯಾಗಿದೆ, ಇವರದೇನೂ ಇಲ್ಲ. ತಪ್ಪು ನಂದು" ಎಂದೆ.

ಕೊಕ್ಕೆ ಕಿತ್ತು, ತೂತಿಗೆ ರೆಸಿನ್ ತುಂಬಿ, ಮೂರನೇ ದಿನ ಬೋಟನ್ನು ನೀರಿಗಿಳಿಸಿದೆವು. ಅವರು ಹೂವನ್ನು ಕಂಬಿಗೆ ಸಿಕ್ಕಿಸಿದರು, ಆದರೆ ಹತ್ತಲಿಲ್ಲ.

"ಮೊದ್ಲು ನೀವು ಬನ್ನಿ ಸಾರ್."

ಹತ್ತಿ ಕೂತೆ. ಅವರೂ ಹತ್ತಿ ಹುಟ್ಟು ಹಾಕಿದರು. ದಡ ಹಿಂದೆ ಸರಿಯುತ್ತಿದ್ದಂತೆ ನನ್ನ ಎರಡೂ ಕೈ ತಾವಾಗಿ ಕಂಬಿ ಹಿಡಿದವು. ಅವರು ಅದನ್ನು ನೋಡಿದರು.

"ಸಾರ್, ನಿಮ್ಗೆ ಈಜು ಬರುತ್ತಾ?"

"ಇಲ್ಲ."

ಅವರು ನಗಲಿಲ್ಲ. ಬೋಟನ್ನು ಮೆಲ್ಲಗೆ ತಿರುಗಿಸಿ, ದಡದ ಪಕ್ಕದಲ್ಲೇ ಹುಟ್ಟು ಹಾಕುತ್ತಾ ಹೋದರು.