ಜಾಲರಿ ಸೀಲು

ನನ್ನ ಸೋದರಮಾವನಿಗೆ ಪೇಟೆಯಲ್ಲಿ ಉಲ್ಟಾ ಮಾವ ಎಂದೇ ಹೆಸರು. ಕೋರ್ಟಿನ ಎದುರು, ಮಹಡಿ ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಕೂತು ರಬ್ಬರ್ ಸೀಲು ಕೊರೆಯುವುದು ಅವನ ಕಸುಬು. ಸೀಲಿನಲ್ಲಿ ಅಕ್ಷರ ಉಲ್ಟಾ ಇದ್ದರೆ ತಾನೇ ಕಾಗದದ ಮೇಲೆ ನೆಟ್ಟಗೆ ಬೀಳುವುದು? ಜೀವಮಾನವೆಲ್ಲ ಅಕ್ಷರಗಳನ್ನು ಬೆನ್ನ ಕಡೆಯಿಂದಲೇ ನೋಡಿದ ಮನುಷ್ಯ. ಮನೆಗೆ ಬೇಕಾದ ಸಾಮಾನಿನ ಚೀಟಿ ಬರೆಯಲು ಕೂತರೂ ಕೈ ಬಲಗಡೆಯಿಂದಲೇ ಹೊರಡುತ್ತಿತ್ತು. "ಇವರನ್ನ ಕಟ್ಕೊಂಡ ಮೇಲೆ ಅಂಗಡಿಗೂ ಕನ್ನಡಿ ಹೊತ್ಕೊಂಡು ಹೋಗೋ ಹಾಗಾಯ್ತು" ಎಂದು ಅತ್ತೆ ಗೊಣಗುತ್ತಿದ್ದಳು.

ಅವನ 'ರದ್ದು' ಸೀಲು ಮಾತ್ರ ಊರಿಗೇ ಬೇರೆ. ಉಳಿದವರು ದಪ್ಪ ಅಕ್ಷರ ಕೊರೆದು ಕೈ ತೊಳೆದುಕೊಳ್ಳುತ್ತಿದ್ದರು. ಇವನು ಅಕ್ಷರದ ಸುತ್ತ ಕೂದಲೆಳೆಯಂಥ ಓರೆಗೆರೆಗಳನ್ನು ಒಂದರ ಮೇಲೊಂದು ಹಾಯಿಸಿ ಕಿಟಕಿಯ ಜಾಲರಿಯ ಹಾಗೆ ಮಾಡುತ್ತಿದ್ದ. ಅದೊಂದಕ್ಕೇ ಅರ್ಧ ದಿನ ಹೋಗುತ್ತಿತ್ತು.

"ಯಾಕೆ ಮಾವ ಇಷ್ಟು ಪಡಿಪಾಟಲು?" ಎಂದು ಒಮ್ಮೆ ಕೇಳಿದೆ.

"ನಮ್ಮ ಗುರುಗಳು ಹೀಗೇ ಮಾಡ್ತಿದ್ರು, ಅವರ ಗುರುಗಳೂ ಹೀಗೇ ಅಂತೆ. ಯಾಕೆ ಅಂತ ಕೇಳ್ತಾ ಕೂತಿದ್ರೆ ಹೊಟ್ಟೆ ತುಂಬ್ತಿತ್ತಾ, ನಿಘಂಟು?"

ನಿಘಂಟು ಎಂದರೆ ನಾನು. ಪದಕೋಶದ ಕಚೇರಿಯಲ್ಲಿ ಕರಡು ತಿದ್ದುವ ಕೆಲಸ ನನ್ನದು.

ಮಾವನ ಮಗಳು ನನಗಿಂತ ಚಿಕ್ಕವಳು. ಅವಳ ಗಂಡನಿಗೆ ಬೇರೆ ಊರಲ್ಲಿ ಮೊದಲೇ ಒಬ್ಬ ಹೆಂಡತಿ ಇದ್ದಾಳೆಂದು ಬಯಲಾಗುವ ಹೊತ್ತಿಗೆ ಇವಳ ಮಡಿಲಲ್ಲಿ ಮಗಳಿದ್ದಳು. ಅತ್ತು ಕರೆದು ಮಾಡದೆ ಸೀದಾ ಕೋರ್ಟಿಗೆ ಹೋದಳು. ಮದುವೆ ರದ್ದು ಎಂದು ತೀರ್ಪಾಯಿತು. ಮದುವೆಯ ಕಾಗದದ ಮೇಲೆ ಸೀಲು ಬೀಳುವುದೊಂದೇ ಬಾಕಿ. ಆದರೆ ಕೋರ್ಟಿನ ಹಳೆಯ ಸೀಲು ಸವೆದುಹೋಗಿತ್ತು. ಹೊಸದು ಮಾಡಿಕೊಡಲು ಹೇಳಿಕಳಿಸಿದ್ದು, ಇನ್ನೆಲ್ಲಿಗೆ, ಎದುರಿನ ಗೂಡಂಗಡಿಗೇ.

ಅವತ್ತು ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಮಾವನ ಮಗಳು ಊಟದ ಡಬ್ಬಿ ತಂದಿದ್ದಳು. ಮಾವ ಕೊರೆದು ಮುಗಿಸಿ, ಸೀಲನ್ನು ಪ್ಯಾಡಿಗೆ ಅದ್ದಿ ರದ್ದಿ ಕಾಗದದ ಮೇಲೆ ಒತ್ತಿದ. ಅಕ್ಷರಗಳು ಉಲ್ಟಾ ಬಿದ್ದವು. ಕಣ್ಣು ಮುಚ್ಚಿಕೊಂಡು ಉಲ್ಟಾ ಕೊರೆಯುವ ಮನುಷ್ಯ ಆವತ್ತು ನೆಟ್ಟಗೆ ಕೊರೆದುಬಿಟ್ಟಿದ್ದ.

"ಕೈ ಬರ್ಲಿಲ್ಲ ಕಣೇ," ಎಂದ ಮಗಳಿಗೆ. "ರದ್ದು ಅಂದ್ರೆ ಆ ಮದುವೆ ಆಗೇ ಇಲ್ಲ ಅಂತ. ಹಾಗಾದ್ರೆ ಮಗು? ನಾನೇ ಕೈಯಾರೆ ಅದನ್ನ ಅಳಿಸಿಬಿಟ್ಟ ಹಾಗಾಗಲ್ವಾ?"

"ಮಗೂನ ಹಕ್ಕಿಗೆ ಏನೂ ಆಗಲ್ಲ ಅಂತ ವಕೀಲರು ಹೇಳಿದ್ರಲ್ಲಪ್ಪ."

"ಹೇಳಿದ್ರು. ಕೈ ಕೇಳ್ಬೇಕಲ್ಲ."

ಅವಳು ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು. "ನಂಗೂ ಅದೇ ಭಯ. ಬಿಡುಗಡೆ ಬೇಕು, ನಿಜ. ಆದ್ರೆ ಆ ಮನೇಲಿ ಇದ್ದಷ್ಟು ದಿನ ನಾನು ಯಾರಾಗಿದ್ದೆ ಅಪ್ಪ? ಅದೆಲ್ಲ ಸುಳ್ಳಾ?"

ಎಲ್ಲರಿಗೂ ಅರ್ಥ ಹೇಳುವ ಕಚೇರಿಯವಳು ನಾನು, ಆ ಉಲ್ಟಾ ಬಿದ್ದ 'ರದ್ದು' ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ಮರುದಿನ ಕಚೇರಿಯಲ್ಲಿ ಬೇರೆ ಕೆಲಸವನ್ನೆಲ್ಲ ಬದಿಗೊತ್ತಿ ದಪ್ಪ ಸಂಪುಟಗಳನ್ನು ಇಳಿಸಿಕೊಂಡು ಕೂತೆ. 'ರದ್ದು' ಅರಬ್ಬಿಯಲ್ಲಿ ಹುಟ್ಟಿ, ಪಾರಸಿ ದಫ್ತರಗಳ ಮೂಲಕ ನಮ್ಮ ಕಚೇರಿಗಳಿಗೆ ಬಂದ ಮಾತು. ಹಿಂತಿರುಗಿಸು, ಒಲ್ಲೆನೆಂದು ಮರಳಿ ಕಳಿಸು ಎಂದು ಅದರ ಮೂಲಾರ್ಥ. ಅಳಿಸು ಎಂದಿರಲಿಲ್ಲ. ಆ ಜಾಡು ಹಿಡಿದು ಅದರ ಸರೀಕ 'ಕ್ಯಾನ್ಸಲ್' ಎಲ್ಲಿಂದ ಬಂತೆಂದು ನೋಡಿದೆ. ಲ್ಯಾಟಿನ್ನಿನಲ್ಲಿ ಅದರ ತಾಯಿಬೇರಿನ ಅರ್ಥ: ಜಾಲರಿ. ಬೇಡವಾದ ಬರಹದ ಮೇಲೆ ಲಿಪಿಕಾರರು ಜಾಲರಿಯ ಹಾಗೆ ಗೆರೆ ಎಳೆಯುತ್ತಿದ್ದರಂತೆ.

ಪುಸ್ತಕದ ತಂಟೆಗೇ ಹೋಗದ ನಮ್ಮ ಮಾವನ ಬ್ಲೇಡಿನ ತುದಿಯಲ್ಲಿ ಇದೇ ಜಾಲರಿ! ಅದು ಎಷ್ಟು ಕೈ ದಾಟಿ ಆ ಗೂಡಂಗಡಿಗೆ ಬಂತೋ, ಅಥವಾ ಯಾವ ಗುರುವಿಗೆ ತಾನಾಗಿಯೇ ಹೊಳೆಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಇಷ್ಟು ಸಂತೋಷದಿಂದ ನಾನು ಬೇರೆ ಯಾವುದರ ಬಗ್ಗೆಯೂ ಹೇಳಿಲ್ಲ.

ಓಡಿಹೋಗಿ ಹೇಳಿದೆ. ಮಾವ ಬ್ಲೇಡು ಕೆಳಗಿಟ್ಟು ಕೇಳಿದ.

"ಅಂದ್ರೆ ಕೆಳಗಿರೋದು ಕಾಣ್ಲಿ ಅಂತಾನೇ ಈ ಗೆರೆ?"

"ಹೌದು ಮಾವ. ಇನ್ನು ಇದು ನಡೆಯಲ್ಲ ಅಂತ ಹೇಳೋದು, ಅಷ್ಟೇ. ನಡೆದೇ ಇಲ್ಲ ಅಂತಲ್ಲ."

ಅವನು ಹೊಸ ರಬ್ಬರ್ ತುಂಡು ಎಳೆದುಕೊಂಡ. ಅಷ್ಟು ತೆಳುವಾದ ಗೆರೆಗಳನ್ನು ಅವನು ಹಿಂದೆಂದೂ ಕೊರೆದಿರಲಿಲ್ಲ.

ಸೀಲು ಬಿದ್ದ ದಿನ ಮಗಳು ಕೋರ್ಟಿನಿಂದ ರಸ್ತೆ ದಾಟಿ ನೇರ ಅಂಗಡಿಗೆ ಬಂದಳು. ಕಾಗದವನ್ನು ಬೆಳಕಿಗೆ ಹಿಡಿದು, ಜಾಲರಿಯ ಸಂದುಗಳಲ್ಲಿ ಬೆರಳಾಡಿಸುತ್ತ ಓದಿದಳು. ಮೊದಲು ಗಂಡನೆನಿಸಿಕೊಂಡಿದ್ದವನ ಹೆಸರು, ಆಮೇಲೆ ತನ್ನದು. ಸಾಕ್ಷಿಯೆಂದು ಮಾವ ಹಾಕಿದ್ದ ಸಹಿಯೂ ಇತ್ತು.

"ಎಲ್ಲಾ ಕಾಣುತ್ತೆ ಅಪ್ಪ," ಎಂದಳು. "ಇದನ್ನ ಎತ್ತಿಡು. ನನ್ನ ಮಗಳು ದೊಡ್ಡವಳಾಗಿ ಕೇಳಿದ್ರೆ ತೋರಿಸ್ಬೇಕು."

ಮಾವ ಶಾಯಿಗೈ ಒರೆಸಿಕೊಂಡು ಕಾಗದ ತೆಗೆದುಕೊಂಡ. ನೋಡಿದ, ಮತ್ತೆ ನೋಡಿದ. ಕಣ್ಣು ತುಂಬಿಬಂದಿತ್ತು. ಕಾಗದವನ್ನು ನನ್ನ ಕಡೆ ಚಾಚಿದ.

"ನೀನೇ ಓದೇ ನಿಘಂಟು. ನೆಟ್ಟಗಿರೋ ಅಕ್ಷರ ನಂಗೆಲ್ಲಿ ಓದಕ್ಕೆ ಬರುತ್ತೆ?"