ಕೊಟ್ರೇಶಣ್ಣನ ಸೌಂಡಿಲ್ಲದ ಟಿವಿ

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ ಕೊಟ್ರೇಶಣ್ಣ ಯಾವ ಸಿನಿಮಾವನ್ನೂ ಮೊದಲ ಸಲ ಸೌಂಡ್ ಇಟ್ಟು ನೋಡಿದವರಲ್ಲ. ಸೌಂಡ್ ಕೆಟ್ಟು ಬಂದ ಟಿವಿಗಳ ಮುಂದೆ ಕೂತೂ ಕೂತೂ ಹತ್ತಿದ ಚಟವಂತೆ. ಇಷ್ಟವಾದ ಸೀನನ್ನು ಸಿಡಿಯಲ್ಲಿ ಹತ್ತು ಸಲ ಮೂಕವಾಗಿಯೇ ನೋಡಿ, ಯಾರಿಗೆ ಏನು ಬೇಕಾಗಿದೆ ಎಂದು ಬಿಲ್ ಬುಕ್ಕಿನ ಹಿಂಬದಿಯಲ್ಲಿ ಬರೆದು, ಆಮೇಲೆ ಸೌಂಡ್ ಕೊಟ್ಟು ತಾಳೆ ನೋಡುತ್ತಿದ್ದರು. ತಪ್ಪಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ನಾನು ಹಂಪಸಾಗರದಲ್ಲಿ ಮೇಷ್ಟ್ರು. ಚಿತ್ರಕಥೆ ಬರೆಯುವ ಹುಚ್ಚು ಬೇರೆ. ಬರೆದದ್ದನ್ನು ಬೆಂಗಳೂರಿಗೆ ಕಳಿಸುವುದು, ಉತ್ತರ ಬಾರದಿರುವುದು ಎರಡೂ ಮಾಮೂಲಾಗಿದ್ದವು. ಶಾಲೆಯ ಟಿವಿಯನ್ನು ರಿಪೇರಿಗೆ ಒಯ್ದವನು ಅವರ ಚಟ ನೋಡಿ ಮರುಳಾದೆ. ಅಂದಿನಿಂದ ಭಾನುವಾರಗಳೆಲ್ಲ ಆ ಅಂಗಡಿಯಲ್ಲೇ.

ನನ್ನದೊಂದು ಕಥೆ ಓದಿ ಬಿದ್ದು ಬಿದ್ದು ನಕ್ಕರು. ಅದು ಗೋಳಿನ ಕಥೆ.

“ಎಲ್ಲಾರೂ ಮನಸಿನಾಗ ಇದ್ದದ್ದನ್ನ ಹೇಳೇ ಬಿಡ್ತಾರಲ್ರೀ ಮಾಸ್ತರ! ಅಂಥೋರು ನಮ್ಮ ಕೊಟ್ಟೂರಾಗ ಒಬ್ಬರರ ಅದಾರನ್ರಿ?”

ಇನ್ನೊಮ್ಮೆ ಹಳೆಯ ಧಾರಾವಾಹಿಯ ಸೀನೊಂದನ್ನು ಹಾಕಿದರು. ತವರಿಗೆ ಬಂದ ಮಗಳು ಹೊರಡಲು ಚೀಲ ತುಂಬುತ್ತಿದ್ದಾಳೆ. ಅಪ್ಪ ಗಡಿಯಾರ ನೋಡುತ್ತಾನೆ, ಅವಳನ್ನು ನೋಡುತ್ತಾನೆ, ಮತ್ತೆ ಗಡಿಯಾರ.

“ಬಸ್ಸಿಗೆ ಹೊತ್ತಾತು ಅಂತಾನ,” ಎಂದೆ. ಸೌಂಡ್ ಕೊಟ್ಟರು. ಅಪ್ಪ ಅದನ್ನೇ ಹೇಳಿದ. ನಾನು ಬೀಗಿದೆ.

“ಬಾಯಾಗಿನ ಮಾತು ಹೇಳಿದ್ರಿ. ಅವನಿಗೆ ಬೇಕಾದ್ದೇನು? ಹೊತ್ತಾತು ಅನ್ನಾಕತ್ತಿಲ್ರೀ ಅಂವ. ಇನ್ನೊಂದೀಟು ಇರವ್ವ ಅನ್ನಾಕತ್ಯಾನ.”

ಆ ಸೀನನ್ನು ಆಮೇಲೆ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟೂ ಇದ್ದೆ.

ಹೋದ ವರ್ಷ ಕೊಟ್ರೇಶಣ್ಣನಿಗೆ ಲಕ್ವ ಹೊಡೆಯಿತು. ಬಲಗೈಯೂ ಹೋಯಿತು, ಮಾತೂ ಹೋಯಿತು. ಹೋಗಿ ಏನು ಮಾತಾಡಲಿ ಎಂಬ ಹೆದರಿಕೆಯಲ್ಲಿ ಎರಡು ತಿಂಗಳು ತಳ್ಳಿದೆ. ಕೊನೆಗೊಂದು ಭಾನುವಾರ ಹೋದೆ. ಮಂಚದ ಪಕ್ಕ ಕೂತು ಶಾಲೆ, ಬಿಸಿಲು ಎಂದು ಏನೇನೋ ಒದರಿದೆ. ಅವರು ಎಡಗೈ ಎತ್ತಿ ಗೋಡೆಯ ಗಡಿಯಾರ ತೋರಿಸಿದರು, ನನ್ನನ್ನು ನೋಡಿದರು. ಮತ್ತೆ ತೋರಿಸಿದರು.

“ಹೌದಣ್ಣ, ನಾಕರ ಬಸ್ ಐತಿ. ಬರ್ತೀನ್ರಿ,” ಎಂದು ಎದ್ದೆ.

ಕೈ ಇಳಿಸಿ ಕಣ್ಣು ಮುಚ್ಚಿದರು. ದಣಿದಿರಬೇಕು ಅಂದುಕೊಂಡೆ. ನಿಜ ಹೇಳುತ್ತೇನೆ, ಎದ್ದು ಬರಲು ನೆಪ ಸಿಕ್ಕಿದ್ದಕ್ಕೆ ನನಗೆ ಹಾಯೆನಿಸಿತ್ತು.

ಬಸ್ಸು ಊರು ದಾಟಿದ ಮೇಲೆ, ಮುಂದಿನ ಸೀಟಿನ ಮುದುಕನೊಬ್ಬ ಕಂಡಕ್ಟರನ್ನು ಟೈಮ್ ಕೇಳಿದ. ಆಗ ಹೊಳೆಯಿತು. ಆ ಅಪ್ಪ, ಆ ಗಡಿಯಾರ. ಹತ್ತಾರು ಸಲ ನೋಡಿದ ಸೀನು ಕಣ್ಣೆದುರೇ ನಡೆದಿತ್ತು, ನನಗೆ ತಿಳಿದಿರಲಿಲ್ಲ. ಇಳಿದು ವಾಪಸ್ ಹೋಗಬಹುದಿತ್ತು. ಮುಂದಿನ ಭಾನುವಾರ ಬೆಳಿಗ್ಗೆಯೇ ಹೋಗಿ ದಿನವಿಡೀ ಕೂರುತ್ತೇನೆಂದು ಸಮಾಧಾನ ಮಾಡಿಕೊಂಡೆ. ಗುರುವಾರ ಸುದ್ದಿ ಬಂತು.

ಮಣ್ಣು ಮುಗಿದ ಮೇಲೆ ಅವರ ಹೆಂಡತಿ ಹತ್ತಿರ ಬಂದರು. ಅತ್ತೂ ಅತ್ತೂ ದನಿ ಬಿದ್ದುಹೋಗಿತ್ತು.

“ಅವತ್ತು ಗಡಿಯಾರ ಯಾಕ ತೋರ್ಸಿದ್ರು ಅಂತ ನಿಮಗರ ತಿಳೀತನ್ರಿ ಮಾಸ್ತರ? ನೀವು ಹೋದ ಮ್ಯಾಲ ಬಾಗಲಾ ನೋಡಿಕೋತ ಮಕ್ಕಂಡಿದ್ರು.”

“ಇಲ್ಲಕ್ಕ,” ಎಂದೆ. “ನನಗೂ ತಿಳೀಲಿಲ್ಲ.”