ಒಗೆಯುವ ಕಲ್ಲಿಗೆ ಒಂದು ಗೆರೆ

ದಾವಣಗೆರೆಯ ಒಂದು ಕಚೇರಿಯಲ್ಲಿ ಮೂವತ್ತೊಂದು ವರ್ಷ ನೀರಿನ ಕೊಳವೆಗಳ ನಕ್ಷೆ ಬರೆದವಳು ನಾನು. ಸರಿಯಾಗಿ ಹೇಳಬೇಕೆಂದರೆ, ಬೇರೆಯವರು ಪೆನ್ಸಿಲ್ಲಿನಲ್ಲಿ ಗೀಚಿದ್ದನ್ನು ಟ್ರೇಸಿಂಗ್ ಹಾಳೆಯ ಮೇಲೆ ಮಸಿಯಲ್ಲಿ ಮೂಡಿಸಿದವಳು. ಒಮ್ಮೆ ಒಂದು ಬಡಾವಣೆಯ ನಕ್ಷೆಯಲ್ಲಿ ಚರಂಡಿಯ ಇಳಿಜಾರು ಉಲ್ಟಾ ಆಗಿದೆಯೆಂದು ತೋರಿಸಿದಾಗ ಇಂಜಿನಿಯರರು ಕುರ್ಚಿಯಿಂದ ಏಳದೆ ಹೇಳಿದರು: “ಅಮ್ಮಾರೇ, ನೀವು ಗೆರೆ ಎಳೀರಿ, ನೀರು ನಾವು ಹರಿಸ್ತೀವಿ.” ಅಂದು ಅವರು ತೊಟ್ಟಿದ್ದ ಅಂಗಿಯ ಬಣ್ಣ, ಮೇಜಿನ ಮೇಲಿದ್ದ ಅರ್ಧ ಕುಡಿದ ಚಹಾ, ನಕ್ಕ ಇಬ್ಬರು ಗುಮಾಸ್ತರು, ಯಾವುದನ್ನೂ ನಾನು ಮರೆತಿಲ್ಲ. ಆ ಬಡಾವಣೆಯಲ್ಲಿ ಕೊಳಚೆ ಹಿಮ್ಮುಖವಾಗಿ ಬಂದ ದಿನ ಯಾರೂ ನನ್ನ ಮೇಜಿನ ಬಳಿ ಸುಳಿಯಲಿಲ್ಲ ಎಂಬುದನ್ನೂ ಮರೆತಿಲ್ಲ.

ನನ್ನ ತಮ್ಮನ ಮನೆ ಇರುವುದು ಹರಿಹರದಾಚೆ, ಹೊಳೆದಂಡೆಯಲ್ಲಿ. ಹಿತ್ತಲಿನ ಬಯಲಿನಲ್ಲಿ ಅವನು ಎಂಟು ಡೇರೆ ಹಾಕಿ ಬಂದವರಿಗೆ ತಂಗಲು ಕೊಡುತ್ತಾನೆ. ಉಕ್ಕಡಗಾತ್ರಿಯ ಗುಡಿಗೆ ಹೋಗಿ ಹೊಳೆಯಲ್ಲಿ ಮಿಂದು ಬರುವ ಸಂಸಾರಗಳೇ ಹೆಚ್ಚು. ಅವರು ಒದ್ದೆ ಸೀರೆ, ಪಂಚೆಗಳನ್ನು ಡೇರೆಯ ಹಗ್ಗಗಳ ಮೇಲೆಯೇ ಹರವುತ್ತಿದ್ದರು. ಒಂದು ಅಮಾವಾಸ್ಯೆಯ ಮಧ್ಯಾಹ್ನ ಆ ಭಾರಕ್ಕೆ ಗೂಟ ಕಿತ್ತುಬಂದು, ಒಳಗೆ ಮಲಗಿದ್ದ ಒಬ್ಬ ಅಜ್ಜನ ಮೇಲೆ ಡೇರೆ ಕುಸಿಯಿತು. ಅಜ್ಜನಿಗೆ ಏನೂ ಆಗಲಿಲ್ಲ. ಅವನ ಬೈಗುಳ ಮಾತ್ರ ಹೊಳೆಯಾಚೆಗೂ ಕೇಳಿಸಿತಂತೆ.

ಒಗೆಯಲು, ಒಣಗಿಸಲು ಒಂದು ಸರಿಯಾದ ಜಾಗ ಬೇಕೆಂದು ತಮ್ಮ ಕೆ.ಬಿ. ಬಡಾವಣೆಯ ನನ್ನ ಮನೆಗೆ ಬಂದ. ನಾನು ನಕ್ಷೆ ಬರೆದುಕೊಟ್ಟೆ. ವಾರದ ಮೇಲೆ ಮತ್ತೆ ಬಂದು, ನಲ್ಲಿ ಕೆಲಸದವನು ಆಡಿದ ಮಾತನ್ನು ನಗುತ್ತಾ ಒಪ್ಪಿಸಿದ: “ಇದನ್ನ ಯಾವ ಕಾಲದ ಅಜ್ಜಿ ಬರ್ದಾಳೆ? ನಕ್ಷೆ ಗಿಕ್ಷೆ ಬ್ಯಾಡ್ರಿ, ಪೈಪು ಸೀದಾ ಹೊಳಿಗೆ ಬಿಟ್ರೆ ಆತು ಅಂದ.”

ನಾನು ನಗಲಿಲ್ಲ. “ಅವನು ಬರೋದು ಬ್ಯಾಡ. ನಾವಿಬ್ರೇ ಮಾಡೋಣ.”

“ನಿಂಗೆ ಎಪ್ಪತ್ತಾತಲ್ಲ ಅಕ್ಕಾ.”

“ನನ್ನ ವಯಸ್ಸು ಪೈಪಿಗೆ ಹೆಂಗೆ ಗೊತ್ತಾಗ್ತೈತೆ?”

ಟೇಪು ಹಿಡಿದು ಎರಡು ದಿನ ಹಿತ್ತಲನ್ನು ಅಳೆದೆವು. ಎರಡು ವಾಷಿಂಗ್ ಮಷೀನು, ಕಟ್ಟೆಯ ಮೇಲೊಂದು ಟ್ಯಾಂಕು, ನೀರಿಗೆ ಒತ್ತಡ ಕೊಡಲು ಸಣ್ಣ ಪಂಪು. ಸೋಪಿನ ನೀರು ಹೊಳೆಗೆ ಸೇರದಂತೆ, ಅದಕ್ಕೆ ಬೆನ್ನು ಮಾಡಿ ಇಳಿಯುವ ಕೊಳವೆ, ಕೊನೆಯಲ್ಲಿ ಜಲ್ಲಿ ತುಂಬಿದ ಇಂಗುಗುಂಡಿ. ಎಲ್ಲಕ್ಕೂ ತಮ್ಮ ತಲೆಯಾಡಿಸಿದ. ಅವನು ಅಡ್ಡ ನಿಂತದ್ದು ಒಂದಕ್ಕೇ. ನನ್ನ ನಕ್ಷೆಯಲ್ಲಿ ನೀರಿನ ಕೊಳವೆ ಹಾಯುವ ದಾರಿಯಲ್ಲಿ ಹಳೆಯ ಒಗೆಯುವ ಕಲ್ಲು ಇತ್ತು. ಅದನ್ನು ಕೀಳಬೇಕೆಂದು ಬರೆದಿದ್ದೆ. ತಮ್ಮನ ಹೆಂಡತಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಟ್ಟೆ ಒಗೆದದ್ದು ಅದರ ಮೇಲೆ. ಆಕೆ ತೀರಿಕೊಂಡು ಎಂಟು ವರ್ಷವಾಗಿದೆ.

“ಕಲ್ಲು ಇರ್ಲಿ” ಎಂದ, ಅಷ್ಟೇ.

ಮಷೀನುಗಳ ಸುತ್ತ ಗೋಡೆ ಕಟ್ಟುವ ಮೊದಲು ಒಂದು ಮಷೀನನ್ನು ಜೋಡಿಸಿ ಪರೀಕ್ಷಿಸುವುದು ನನ್ನ ಕ್ರಮ. ತಾತ್ಕಾಲಿಕವೆಂದು ಕೊಳವೆಯನ್ನು ಆ ಕಲ್ಲಿನ ಮೇಲೆಯೇ ಹಾಯಿಸಿದೆವು, ಅದನ್ನು ಹಿಡಿದಿಡುವ ಕ್ಲಾಂಪು ಬಿಗಿದಿರಲಿಲ್ಲ. ಡೇರೆಯ ಹೊದಿಕೆಗಳನ್ನು ತುಂಬಿ ಗುಂಡಿ ಒತ್ತಿದೆ. ನೀರು ಸುರಿಯಿತು, ನಿಂತಿತು. ಆಗ ಕಲ್ಲಿನಿಂದ ಸದ್ದು ಬಂತು: ದಪ್. ಹೊದಿಕೆಗಳು ನೀರು ಕುಡಿದಂತೆಲ್ಲ ಮಷೀನು ಮತ್ತಷ್ಟು ನೀರೆಳೆದು ನಿಲ್ಲಿಸುತ್ತಿತ್ತು. ದಪ್. ದಪ್. ಆಮೇಲೆ ಬಟ್ಟೆಯ ಮಗ್ಗುಲು ಬದಲಿಸುವಷ್ಟು ಹೊತ್ತು ಮೌನ.

ಮೂರು ಪೆಟ್ಟು, ಒಂದು ಬಿಡುವು. ಅದು ತಮ್ಮನ ಹೆಂಡತಿ ಬಟ್ಟೆ ಒಗೆಯುತ್ತಿದ್ದ ಲಯ. ರಜೆಯಲ್ಲಿ ಆ ಮನೆಗೆ ಬಂದಾಗಲೆಲ್ಲ ಆ ಸದ್ದಿಗೇ ನಾನು ಎಚ್ಚರಗೊಳ್ಳುತ್ತಿದ್ದೆ. ತಮ್ಮನ ಕೈಯಿಂದ ಸ್ಪ್ಯಾನರು ಜಾರಿ ಮಣ್ಣಿಗೆ ಬಿತ್ತು. ಅವನು ಬಗ್ಗಲಿಲ್ಲ. ಹತ್ತಿರದ ಡೇರೆಯಿಂದ ಒಬ್ಬ ಹೆಂಗಸು ತಲೆ ಹೊರಗೆ ಹಾಕಿ ಕೇಳಿದಳು: “ಯಾರ್ರೀ ಅದು, ಹಿತ್ತಲಾಗೆ ಬಟ್ಟೆ ಒಗೆಯೋರು? ನಮ್ದೂ ಎಲ್ಡು ಅದಾವೆ, ಕೊಡಬಹುದಾ?”

ನಾನು ಆ ಹೆಂಗಸಿಗೆ ಮಷೀನಿನ ಕಡೆ ಕೈ ತೋರಿಸಿದೆ.

ಆಮೇಲೆ ತಮ್ಮನಿಗೆ ಕಾರಣ ವಿವರಿಸಿದೆ. ಹರಿಯುವ ನೀರನ್ನು ಮಷೀನು ಥಟ್ಟನೆ ತಡೆದಾಗ ಕೊಳವೆ ಒದರಿ ಕಲ್ಲಿಗೆ ಬಡಿಯುತ್ತದೆ. ಮಷೀನಿನ ಪಕ್ಕ ಒಂದೂವರೆ ಅಡಿ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ ತುದಿ ಮುಚ್ಚಿದರೆ ಒಳಗಿನ ಗಾಳಿ ಪೆಟ್ಟನ್ನು ನುಂಗುತ್ತದೆ. ಅರ್ಧ ಗಂಟೆಯ ಕೆಲಸ.

“ಬ್ಯಾಡ ಅಕ್ಕಾ” ಎಂದ ತಮ್ಮ. “ಹಿಂಗೇ ಇರ್ಲಿ.”

“ಜಾಯಿಂಟು ಸೀಳ್ತೈತೆ.”

“ಸೀಳಿದ್ ದಿನ ನೋಡೋಣ. ಎಂಟು ವರ್ಷ ಆದ್ಮ್ಯಾಲೆ ಕೇಳಿಸ್ತು.”

ಆ ಮಧ್ಯಾಹ್ನ ಜಗಲಿಯಲ್ಲಿ ಕುಳಿತಿದ್ದೆ. ಮಷೀನು ಮುಂದಿನ ಸುತ್ತಿಗೆ ನೀರೆಳೆಯತೊಡಗಿದಾಗ ಸದ್ದು ಮತ್ತೆ ಶುರುವಾಯಿತು. ಅದರೊಂದಿಗೆ ನಾನು ಇಪ್ಪತ್ತೈದು ವರ್ಷದಿಂದ ಜೋಪಾನ ಮಾಡಿದ್ದ ಒಂದು ಅವಮಾನವೂ ಎದ್ದು ಬಂತು. ಆಗ ಮನೆಯ ಮುಂದೆ ಬೋರ್‌ವೆಲ್ ಇತ್ತು. ಹಿತ್ತಲಿನ ಕಲ್ಲಿಗೆ ಆಕೆ ಕೊಡದಲ್ಲಿ ನೀರು ಹೊರುತ್ತಿದ್ದಳು. ಒಂದು ದಿನ ನಾನು ಜಗಲಿಯಲ್ಲಿ ಕಚೇರಿಯ ನಕ್ಷೆ ಹರವಿಕೊಂಡಿದ್ದಾಗ, ಸೊಂಟದ ಕೊಡ ಇಳಿಸದೆಯೇ ಬಗ್ಗಿ ನೋಡಿ ನಕ್ಕಳು: “ಊರಿಗೆಲ್ಲ ನಲ್ಲಿ ಬರೀತೀರಿ ಅಕ್ಕಾರೆ. ನಮ್ಮ ಹಿತ್ತಲಿಗೆ ಒಂದು ಗೆರೆ ಬರ್ಲಿಲ್ಲ ನೋಡ್ರಿ!”

ಗೆರೆ ಎಂಬ ಆ ಶಬ್ದ ನನ್ನನ್ನು ಸುಟ್ಟಿತು. ಕಚೇರಿಯಲ್ಲಿ ಇಂಜಿನಿಯರರು ಆಡಿದ ಮಾತನ್ನು ತಮ್ಮನಿಗೆ ಹೇಳಿದ್ದೆ. ಅವನಿಂದ ಕೇಳಿಸಿಕೊಂಡು ಆಕೆಯೂ ಆಡಿಕೊಳ್ಳುತ್ತಿದ್ದಾಳೆ ಎಂದು ತೀರ್ಮಾನಿಸಿದೆ. ನಕ್ಷೆ ಸುತ್ತಿಕೊಂಡು ಮುಂದಿನ ಬಸ್ಸಿಗೇ ದಾವಣಗೆರೆಗೆ ಹೊರಟೆ. ಎರಡು ವರ್ಷ ಆಕೆಯೊಡನೆ ಮಾತು ಬಿಟ್ಟೆ. ಆ ಹಿತ್ತಲಿಗೆ ಗೆರೆ ಎಳೆಯಲೇ ಇಲ್ಲ.

ನಮ್ಮ ಕಡೆಯ ಹೆಂಗಸರು ತವರಿನಲ್ಲಿ ಬೇಕಾದ್ದನ್ನು ನೇರವಾಗಿ ಕೇಳುತ್ತಾರೆ. ಗಂಡನ ಮನೆಯವರನ್ನು ಕೇಳಬೇಕಾದಾಗ ಮಾತಿಗೆ ಕುಹಕದ ಸೆರಗು ಹೊದಿಸುತ್ತಾರೆ. ಇಲ್ಲವೆಂದರೆ ನಕ್ಕು ಒಳಗೆ ಹೋಗಬಹುದು. ಇದನ್ನು ಬಲ್ಲವಳು ನಾನು. ಆಕೆ ಹಂಗಿಸಿದ್ದಲ್ಲ. ಸೊಂಟದಲ್ಲಿ ತುಂಬಿದ ಕೊಡ ಇಟ್ಟುಕೊಂಡು, ಒಂದು ನಲ್ಲಿ ಕೇಳಿದ್ದಳು. ಕಲ್ಲಿನ ಸದ್ದು ನಿಲ್ಲುವ ತನಕ ನನಗೆ ಜಗಲಿಯಿಂದ ಏಳಲಾಗಲಿಲ್ಲ.

ಮೂರನೆಯ ದಿನ ಜಾಯಿಂಟು ಸೀಳಿತು. ನೀರು ಎರಡು ಡೇರೆಗಳೊಳಗೆ ನುಗ್ಗಿ, ಬಂದವರು ಹಾಸಿಗೆ ಎತ್ತಿಕೊಂಡು ಓಡಿದರು. ತಮ್ಮ ಪಂಪು ನಿಲ್ಲಿಸಿ ಬಂದು ನನ್ನ ಎದುರು ನಿಂತ. ಕೊಳವೆ ಬದಲಿಸೋಣ, ಆದರೆ ಗಾಳಿಯ ಕೊಳವೆ ಜೋಡಿಸುವ ಮುಂಚೆ ಇನ್ನೊಂದು ಸಲ ಓಡಿಸುತ್ತೇನೆ ಎಂದ. ಹಾಗೆಯೇ ಮಾಡಿದ. ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಕೊನೆಯ ಪೆಟ್ಟಿನ ತನಕ ಕೇಳಿದ. ಆಮೇಲೆ ತಾನೇ ಗರಗಸ ತಂದು ನನ್ನ ಕೈಗೆ ಕೊಟ್ಟ. “ಹಾಕು ಅಕ್ಕಾ.”

ಹಾಕಿದೆ. ಸದ್ದು ಸತ್ತಿತು.

ನಕ್ಷೆಯನ್ನು ಹೊಸದಾಗಿ ಬರೆದೆ. ಕಲ್ಲನ್ನು ಇದ್ದಲ್ಲೇ ಬಿಟ್ಟು, ಅದರ ನೆತ್ತಿಗೆ ಒಂದು ಗೆರೆ ಎಳೆದು, ತುದಿಯಲ್ಲಿ ನಲ್ಲಿ ಗುರುತಿಸಿದೆ. ಕಚೇರಿಯ ನಕ್ಷೆಗಳ ಮೂಲೆಯಲ್ಲಿ ಬರೆದವರು, ಪರಿಶೀಲಿಸಿದವರು, ಮಂಜೂರು ಮಾಡಿದವರು ಎಂಬ ಸಣ್ಣ ಚೌಕದ ಮನೆಗಳಿರುತ್ತವೆ. ನಾನು ಇನ್ನೊಂದು ಮನೆ ಸೇರಿಸಿದೆ: ಕೇಳಿದವರು. ಅದರಲ್ಲಿ ಆಕೆಯ ಹೆಸರನ್ನು ಮಸಿಯಲ್ಲಿ ಬರೆದೆ.

ತಮ್ಮ ಕನ್ನಡಕ ಏರಿಸಿ ಹೆಸರನ್ನು ಓದಿದ.

“ಇನಿಶಿಯಲ್ ತಪ್ಪೈತೆ ಅಕ್ಕಾ. ನಮ್ದು ಹಾಕೀಯ. ಆಕೆ ಕಡೀತನಕ ಅವ್ರಪ್ಪಂದೇ ಬರೀತಿದ್ಲು. ನೀ ನೋಡೇ ಇಲ್ಲೇನು?”

ಟ್ರೇಸಿಂಗ್ ಹಾಳೆಯ ತಪ್ಪನ್ನು ಬ್ಲೇಡಿನಿಂದ ಕೆರೆದು ತಿದ್ದಬೇಕು. ಮೂವತ್ತೊಂದು ವರ್ಷ ಬೇರೆಯವರ ತಪ್ಪುಗಳನ್ನು ಗುರುತು ಉಳಿಯದಂತೆ ಕೆರೆದ ಕೈ ಇದು. ಆ ದಿನ ನನ್ನದೇ ತಪ್ಪನ್ನು ಕೆರೆದೆ. ಅಕ್ಷರ ಈಗ ಸರಿಯಾಗಿದೆ. ಆದರೆ ಹಾಳೆಯನ್ನು ಬೆಳಕಿಗೆ ಹಿಡಿದರೆ, ಕೆರೆದ ಜಾಗ ಕಾಣುತ್ತದೆ.